ಯಾರ ನಮ್ಮಲ್ಲಿ?

ಆ ನೀತಿ ಅಧ್ಯಯನ ಸಂಸ್ಥೆಯಲ್ಲಿ ಜಗತ್ತಿನ ದೇಶಗಳೆಲ್ಲ ಒಂದೇ ಕಾರಿಡಾರಿನಲ್ಲಿದ್ದವು. ಒಂದೊಂದು ದೇಶಕ್ಕೆ ಒಂದೊಂದು ಕೋಣೆ, ಗೋಡೆಗೊಂದು ನಕಾಶೆ. "ಇವತ್ತು ಯಾವ ದೇಶದಲ್ಲಿದೀರಿ?" ಎಂದು ಒಬ್ಬರು ಕೇಳಿದರೆ, "ಫ್ಯಾನ್ ಚೆನ್ನಾಗಿ ತಿರುಗೋ ದೇಶದಲ್ಲಿ" ಎಂದು ಇನ್ನೊಬ್ಬರು ನಗುತ್ತಿದ್ದರು. ದೇಶ ಸುತ್ತು, ಕೋಶ ಓದು ಎನ್ನುತ್ತಾರಲ್ಲ, ಅದರಲ್ಲಿ ಅವರು ಎರಡನೆಯ ಅರ್ಧವನ್ನು ಗಟ್ಟಿಯಾಗಿ ಹಿಡಿದವರು. ಮಧ್ಯಾಹ್ನ ಪರದೆ ಎಳೆದು ಕೂತರೆ ಇಡೀ ಭೂಮಿ ತೂಕಡಿಸುತ್ತಿದೆ ಅನಿಸುತ್ತಿತ್ತು.

ಕಾರಿಡಾರಿನ ಕೊನೆಯ ಕೋಣೆ ನದಿಯಾಚೆಯ ದೇಶದ್ದು. ಅದಕ್ಕೆ ಈ ಸಲ ಮೂವರು ತಜ್ಞ ಫೆಲೋಗಳನ್ನು ನೇಮಿಸಬೇಕಿತ್ತು. ಇಬ್ಬರು ಆಗಲೇ ಆಗಿದ್ದರು, ಒಬ್ಬ ನಿವೃತ್ತ ಸೇನಾಧಿಕಾರಿ, ಒಬ್ಬ ವಾಣಿಜ್ಯದ ಪ್ರೊಫೆಸರ್. ಮೂರನೆಯ ಜಾಗಕ್ಕೆ ಒಬ್ಬಳು ಸಂಶೋಧಕಿ ಅರ್ಜಿ ಹಾಕಿದ್ದಳು. ನದಿನೀರಿನ ಹಂಚಿಕೆಯನ್ನು ಅರೆದು ಕುಡಿದವಳು. ಹುಟ್ಟಿದ್ದೂ ಆಚೆ ದಡದಲ್ಲೇ. ತಾಯಿಯಿಲ್ಲದ ಇವಳನ್ನು ಸಾಕಿದ್ದು ದೊಡ್ಡಮ್ಮ, ಕೂದಲು ಕತ್ತರಿಸುವ ಅಂಗಡಿಯ ಒಡತಿ. ಓದಲೆಂದು ಈಚೆಗೆ ಬಂದಳು, ಬೆನ್ನ ಹಿಂದೆಯೇ ಗಡಿ ಮುಚ್ಚಿತು. ಆಮೇಲೆ ದಾಟಲು ಪರವಾನಗಿ ಸಿಗುತ್ತಿದ್ದುದು ಈ ಸಂಸ್ಥೆಯ ಫೆಲೋಗಳಿಗೆ ಮಾತ್ರ.

"ಕಣ್ಣು ಮಂಜಾಗ್ತಿದೆ ಕಣೇ," ಎಂದಿದ್ದಳು ದೊಡ್ಡಮ್ಮ ಫೋನಿನಲ್ಲಿ. "ಈಗ ಕಿವಿ ಎಲ್ಲಿದೆ ಅಂತ ಮುಟ್ಟಿ ನೋಡ್ಕೊಂಡೇ ಕತ್ತರಿ ಆಡಿಸ್ತೀನಿ. ಪೂರ್ತಿ ಹೋಗೋಕ್ ಮುಂಚೆ ಒಂದ್ಸಲ ಮುಖ ತೋರಿಸಿ ಹೋಗೇ."

ಮೊದಲ ಸಂದರ್ಶನವಾದ ಮೇಲೆ ಸಂಸ್ಥೆಯ ನಿರ್ದೇಶಕರು ಇವಳನ್ನು ಒಳಗೆ ಕರೆದರು. ಎಲ್ಲವನ್ನೂ ದೂರದಿಂದಲೇ ನೋಡಬೇಕೆನ್ನುವ ಅವರಿಗೆ ದುರ್ಬೀನು ಎಂಬ ಅಡ್ಡಹೆಸರಿತ್ತು. ಮನುಷ್ಯ ಕೆಟ್ಟವರಲ್ಲ.

"ನಿಮ್ಮ ಓದಿನ ಬಗ್ಗೆ ಎರಡು ಮಾತಿಲ್ಲಮ್ಮ. ಆದ್ರೆ ಮಾತಾಡುವಾಗೆಲ್ಲ 'ನಮ್ಮಲ್ಲಿ ನದಿ ಅಗಲ', 'ನಮ್ಮಲ್ಲಿ ದೋಣಿ ಜಾಸ್ತಿ' ಅಂತೀರಿ. ಯಾರ ನಮ್ಮಲ್ಲಿ? ಆಯ್ಕೆ ಸಮಿತಿ ಮುಂದೆ ಹೀಗಂದ್ರೆ ತಜ್ಞೆ ಅನ್ನಲ್ಲ, ಆ ಕಡೆಯವಳು ಅಂತಾರೆ. 'ಅಲ್ಲಿ' ಅನ್ನಿ. ಅಷ್ಟೇ."

ಅಷ್ಟೇ! ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ನಾಲಿಗೆಗೆ ಹತ್ತಿದ್ದು ಹೇಳಿದ ಕೂಡಲೇ ಹೋಗುತ್ತದೆಯೇ? ಅದನ್ನು ಬಿಡಿಸಲು ಗಂಡನೇ ಮೇಷ್ಟ್ರಾದ. ಊಟಕ್ಕೆ ಕೂತಾಗ ಇವಳ ಬಾಯಲ್ಲಿ 'ನಮ್ಮಲ್ಲಿ' ಬಂದರೆ ಚಮಚದಿಂದ ಲೋಟವನ್ನು ಟಣ್ ಅನ್ನಿಸುತ್ತಿದ್ದ. ಮೊದಮೊದಲು ಮನೆಯಲ್ಲಿ ಟಣಟಣ ನಿಲ್ಲಲೇ ಇಲ್ಲ. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಬರಬರುತ್ತ ಸದ್ದು ಅಪರೂಪವಾಯಿತು.

ಸಮಿತಿಯ ಸಭೆಯ ಹಿಂದಿನ ರಾತ್ರಿ ಅವಳು ಕನಸಿನಲ್ಲಿ ದೊಡ್ಡಮ್ಮನ ಬೀದಿಯಲ್ಲಿ ನಡೆಯುತ್ತಿದ್ದಳು. ಬಿಸಿಲು ಹಾಲಿನಂತೆ ತೆಳ್ಳಗಿತ್ತು. ಮನೆಮನೆಯ ಮುಂದೆ ಜನ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕೂದಲು ಕತ್ತರಿಸಲಿ ಎಂದು ಕುರ್ಚಿಗಳಲ್ಲಿ ಕಾಯುತ್ತಿದ್ದರು. "ಅಂಗಡಿ ಎಲ್ಲಿ?" ಎಂದರೆ ಎಲ್ಲರೂ ಒಟ್ಟಿಗೆ ಕೈ ಚಾಚಿ "ಅಲ್ಲಿ" ಎಂದರು. ಅಲ್ಲಿಗೆ ಹೋದರೆ ಅಲ್ಲಿನವರೂ ಇನ್ನೂ ದೂರಕ್ಕೆ ಕೈ ತೋರಿಸಿದರು. ಬೀದಿ ಮುಗಿಯಲಿಲ್ಲ, ಅವಳಿಗೆ ದಣಿವೂ ಆಗಲಿಲ್ಲ.

"ನಿದ್ದೇಲೂ ಅಲ್ಲಿ ಅಲ್ಲಿ ಅಂತಿದ್ದೆ," ಎಂದ ಗಂಡ ಬೆಳಿಗ್ಗೆ. "ಪಾಸಾದೆ ಬಿಡು."

ಪಾಸಾದಳು. ಸಮಿತಿಯ ಮುಂದೆ 'ಅಲ್ಲಿ' ನೀರು ಕುಡಿದಷ್ಟು ಸಲೀಸಾಗಿ ಬಂತು. ಸೇನಾಧಿಕಾರಿ ಕೈ ಕುಲುಕಿದ, ದುರ್ಬೀನು ಹತ್ತಿರ ಬಂದು ಬೆನ್ನು ತಟ್ಟಿದರು. ಪರವಾನಗಿಯೂ ಕೈಗೆ ಬಂತು. ಅವಳು ನೆಲದಿಂದ ಗೇಣು ಮೇಲೆ ತೇಲುತ್ತ ಮನೆಗೆ ಬಂದು, ಚಪ್ಪಲಿ ಬಿಡದೆಯೇ ಫೋನ್ ಮಾಡಿದಳು. ಆ ಕಡೆ ಕತ್ತರಿ ಕಚಕಚ ಅನ್ನುತ್ತಿತ್ತು.

"ದೊಡ್ಡಮ್ಮ, ಸಿಕ್ತು! ಮುಂದಿನ ತಿಂಗಳು ಬರ್ತಿದೀನಿ. ಎಷ್ಟು ದಪ್ಪದ ಬಟ್ಟೆ ತರಲಿ? ನಿಮ್ಮಲ್ಲಿ ಈಗ ಚಳಿ ಇದೆಯಾ?"

ಕತ್ತರಿ ನಿಂತಿತು. ಯಾರೋ ಗಿರಾಕಿ ಕೆಮ್ಮಿದ.

"ನಮ್ಮಲ್ಲಾ?" ಎಂದಳು ದೊಡ್ಡಮ್ಮ. "ಹೂಂ. ನಮ್ಮಲ್ಲಿ ಸ್ವಲ್ಪ ಚಳೀನೇ. ಸ್ವೆಟರ್ ತನ್ನಿ."

"ದೊಡ್ಡಮ್ಮ, ಅದು ಹಾಗಲ್ಲ, ಅಭ್ಯಾಸ ಆಗೋಯ್ತು..."

"ಇರ್ಲಿ, ಅದಕ್ಕೇನಂತೆ. ಬನ್ನಿ, ಬಂದು ನೋಡ್ಕೊಂಡು ಹೋಗಿ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಎತ್ತಿ ಆಡಿಸುತ್ತ, ಕಿವಿ ಹಿಂಡುತ್ತ, ಕತ್ತೆ, ಪೆದ್ದಿ, ಬಾರೇ ಹೋಗೇ ಎಂದ ಬಾಯಿ ಅವಳಿಗೆ ಒಮ್ಮೆಯೂ ಬಹುವಚನ ಕೊಟ್ಟಿರಲಿಲ್ಲ. ಈಗ ದೂರದಿಂದ ಬರುವ ದೊಡ್ಡ ಮನುಷ್ಯರಿಗೆ ಕೊಡುವಂತೆ ಮರ್ಯಾದೆ ಕೊಡುತ್ತಿತ್ತು.

"ಕತ್ತೆ ಅನ್ನು ದೊಡ್ಡಮ್ಮ," ಎಂದಳು ಅಳುತ್ತ. "ಒಂದ್ಸಲ ಕತ್ತೆ ಅಂತ ಬಯ್ಯಿ."

"ಅಯ್ಯೋ, ಹಾಗೆಲ್ಲ ಅನ್ನೋಕಾಗುತ್ತಾ ನಿಮ್ಮನ್ನ," ಎಂದಳು ದೊಡ್ಡಮ್ಮ. ಕತ್ತರಿ ಮತ್ತೆ ಮೆಲ್ಲಗೆ ಆಡತೊಡಗಿತು.