ತವರಿಗೆ ಹೊರಟ ಕತ್ತಿ

ಮಹಾನವಮಿಯ ದಿನ ಮಾನ್ಯಾ ಡಬ್ಲಿನ್ನಿಗೆ ಹೋದದ್ದೇ ತಪ್ಪಾಯಿತು. ಮನೆಯಲ್ಲಿದ್ದಿದ್ದರೆ, ಐರ್ಲೆಂಡಿನ ಮೇನೂತ್ ಊರಿನ ಆ ಬಾಡಿಗೆ ಮನೆಯ ಊಟದ ಮೇಜಿನ ಮೇಲಿದ್ದ ಸಮುರಾಯ್ ಕತ್ತಿಗೆ ಆಯುಧಪೂಜೆ ಮಾಡಲು ಅಮ್ಮ ಜಯಶೀಲಾಳನ್ನು ಅವಳು ಬಿಡುತ್ತಿರಲಿಲ್ಲ. ಪೂಜೆಯೂ ಅಂತಿಂಥದ್ದಲ್ಲ. ಒರೆಯಿಂದ ತೆಗೆದು, ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ಸಾಲದ್ದಕ್ಕೆ ಮೊನೆಗೊಂದು ನಿಂಬೆಹಣ್ಣು ಚುಚ್ಚಿದ್ದಳು.

ಮಾನ್ಯಾ ಅದನ್ನು ಕಂಡದ್ದು ಮರುದಿನ ಬೆಳಿಗ್ಗೆ. ಹಣ್ಣು ಕಿತ್ತು ಒರೆಸಿದಳು. ಮೊನೆಯ ಹತ್ತಿರ ಉಕ್ಕು ತೊಗರಿಬೇಳೆಯಷ್ಟಗಲ ಕಪ್ಪಾಗಿತ್ತು. ಎಷ್ಟು ಒರೆಸಿದರೂ ಹೋಗಲಿಲ್ಲ.

“ಯಾಕೇ, ಪೂಜೆ ಸರಿಯಾಗಿಲ್ವಾ?” ಒಲೆಯ ಮುಂದಿನಿಂದ ಅಮ್ಮ ಕೇಳಿದಳು. “ನಿಮ್ಮಪ್ಪ ಲೇತ್ ಮಿಷನ್ನಿಗೆ ವರ್ಷಾ ವರ್ಷಾ ಹಿಂಗೇ ಮಾಡ್ತಿದ್ರು. ಒಂದಿನಾನೂ ಅದು ಕೈ ಕೊಡ್ಲಿಲ್ಲ.”

ಪೀಣ್ಯದ ಲೇತ್ ಮಿಷನ್ನು ವರ್ಷವಿಡೀ ಎಣ್ಣೆ ಗ್ರೀಸಿನಲ್ಲಿ ಮೀಯುತ್ತಿತ್ತು, ನಿಂಬೆಹುಳಿಗೆ ಅದು ಹೆದರಬೇಕಿರಲಿಲ್ಲ. ಆದರೆ ಇದನ್ನು ಹೇಳುವುದು ಹೇಗೆ? ಅಪ್ಪ ತೀರಿಕೊಂಡ ಮೇಲೆ ಅಮ್ಮ ಕುಂಕುಮದ ಭರಣಿ ಮುಟ್ಟಿದ್ದೇ ಇದು ಮೊದಲು. ಹಾಳಾಯಿತು ಎಂದರೆ, ತನ್ನ ಕೈ ತಾಗಿಯೇ ಹಾಳಾಯಿತು ಎಂದುಕೊಳ್ಳುವವಳು ಅವಳು. ಮತ್ತೆ ಆ ಭರಣಿ ತೆರೆಯುತ್ತಿರಲಿಲ್ಲ.

“ಗ್ರ್ಯಾಂಡ್ ಆಗಿದೆ ಅಮ್ಮ,” ಎಂದಳು ಮಾನ್ಯಾ.

ಕತ್ತಿ ಅವಳದಲ್ಲ. ಸ್ಲೈಗೋದ ಗಾರ್ವೆ ಎಂಬ ವಯಸ್ಸಾದವರದು. ಸಮುರಾಯ್‌ಗಳು ಬೀದಿಯಲ್ಲಿ ಕತ್ತಿ ಕಟ್ಟಿಕೊಂಡು ಓಡಾಡಬಾರದೆಂದು ಜಪಾನಿನ ಸರ್ಕಾರ ಅಪ್ಪಣೆ ಹೊರಡಿಸಿದ ಕಾಲದಲ್ಲಿ, ಹಡಗಿನ ಕೆಲಸದಲ್ಲಿದ್ದ ಅವರ ಹಿರಿಯರೊಬ್ಬರು ಅದನ್ನು ಬಂದರಿನಲ್ಲಿ ಕೊಂಡಿದ್ದರು. ಮಾರಿದವನಿಗೆ ಕತ್ತಿಗಿಂತ ಅಕ್ಕಿ ಮುಖ್ಯವಾಗಿತ್ತು. ಸಮುರಾಯ್‌ಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದ ಮಾನ್ಯಾ ಮಾರಿದವನ ವಂಶದವರನ್ನು ಪತ್ತೆ ಮಾಡಿದಳು, ಗಾರ್ವೆ ಕತ್ತಿಯನ್ನು ಅವರಿಗೇ ಮರಳಿಸಲು ಒಪ್ಪಿದರು. ತಮ್ಮ ಮನೆ ಬರೀ ಥಂಡಿ, ಕತ್ತಿಗೆ ತುಕ್ಕು ಹಿಡಿದೀತು ಎಂದು ಅವಳ ಕೈಗೇ ಕೊಟ್ಟು ಕಳಿಸಿದ್ದರು. ನಂಬಿಕೆ ಎಂದರೆ ಅದು.

ಸಮುರಾಯ್‌ಗಳ ಮಾನ, ಮಾತು, ಪ್ರಾಣತ್ಯಾಗದ ಬಗ್ಗೆ ಅವಳು ಒಂದು ಅಧ್ಯಾಯವನ್ನೇ ಬರೆದಿದ್ದಳು. ಯುದ್ಧಗಳೆಲ್ಲ ಮುಗಿದು, ಸಮುರಾಯ್‌ಗಳು ಕಚೇರಿಯಲ್ಲಿ ಕಡತ ತಿರುವುತ್ತ ಕೂತ ಕಾಲದಲ್ಲಿ ಬೆಳೆದ ದೊಡ್ಡ ಮಾತುಗಳೇ ಅವುಗಳಲ್ಲಿ ಹೆಚ್ಚು ಎಂಬುದು ಅವಳ ವಾದ. ವಾದವೇನೋ ಗಟ್ಟಿಯಾಗಿಯೇ ಇತ್ತು.

ವಿಜಯದಶಮಿಯ ಮಧ್ಯಾಹ್ನ ಕತ್ತಿ ಪರೀಕ್ಷಿಸಲು ಜಪಾನಿನಿಂದ ಕುರೋದಾ ಎಂಬಾಕೆ ಯೂನಿವರ್ಸಿಟಿಗೆ ಬಂದರು. ಗಾರ್ವೆಯೂ ಬಂದಿದ್ದರು. ಹೊರಡುವ ಕತ್ತಿಯನ್ನು ನೋಡಬೇಕೆಂದು ಅಮ್ಮನೂ ಕೈಚೀಲ ಹಿಡಿದು ಜೊತೆಗೆ ಬಂದಿದ್ದಳು.

ಕುರೋದಾ ಕತ್ತಿಗೆ ತಲೆಬಾಗಿ, ಮಡಿಸಿದ ಕಾಗದವೊಂದನ್ನು ತುಟಿಗಳ ನಡುವೆ ಹಿಡಿದರು. ಉಸಿರಿನ ಪಸೆಯೂ ಉಕ್ಕಿಗೆ ತಾಗಬಾರದು ಎಂಬ ಪದ್ಧತಿ ಅದು. ಆಕೆಯ ನೋಟ ಹಿಡಿಯಿಂದ ನಿಧಾನವಾಗಿ ಮೇಲೇರಿ ಮೊನೆಯಲ್ಲಿ ನಿಂತಿತು. ಅಲ್ಲೇ ಉಳಿಯಿತು. ಬಾಯಲ್ಲಿ ಕಾಗದವಿದ್ದುದರಿಂದ ಏನೂ ಹೇಳಲಿಲ್ಲ.

ಕತ್ತಿಯನ್ನು ಬಿಳಿ ರೇಷ್ಮೆಯ ಮೇಲೆ ಮಲಗಿಸಿ, ಕಾಗದ ತೆಗೆದು ಆಕೆ ಕೇಳಿದರು, ಈ ಕಲೆ ಹೇಗಾಯಿತು?

ಗಾರ್ವೆ ಬಗ್ಗಿ ನೋಡಿದರು. ನಮ್ಮ ಮನೆಯ ಥಂಡಿ ಇರಬೇಕು, ನಾನೇ ಸರಿಯಾಗಿ ನೋಡಿಕೊಳ್ಳಲಿಲ್ಲ, ಎಂದು ಕ್ಷಮೆ ಕೇಳಿದರು. ಮುದುಕರ ಕಿವಿ ಕೆಂಪಾಗಿತ್ತು. ಮಾನ್ಯಾ ಬಾಯಿ ತೆರೆದಳು, ಮುಚ್ಚಿದಳು. ಅವಳ ಬಾಯಲ್ಲಿ ಕಾಗದವೇನೂ ಇರಲಿಲ್ಲ.

“ಏನಂತೆ?” ಅಮ್ಮ ಪಿಸುಗುಟ್ಟಿದಳು.

“ಏನಿಲ್ಲ. ಎಲ್ಲಾ ಸರಿಯಾಗಿದೆ, ಇನ್ನು ಕಳಿಸೋದೇ.”

ಅಮ್ಮನ ಮುಖ ಅರಳಿತು. ಕೈಚೀಲದಿಂದ ಭರಣಿ ತೆಗೆದಳು. “ತವರಿಗೆ ಹೊರಟಿರೋದನ್ನ ಬರೀ ಹಣೇಲಿ ಕಳಿಸ್ತಾರೇನೇ?” ಎನ್ನುತ್ತ ಉಂಗುರಬೆರಳನ್ನು ಕುಂಕುಮಕ್ಕೆ ಅದ್ದಿ, ನೇರ ಮೊನೆಯತ್ತ ಚಾಚಿದಳು.

ಮಾನ್ಯಾ ಅವಳ ಮಣಿಕಟ್ಟು ಹಿಡಿದುಕೊಂಡಳು. ಗಟ್ಟಿಯಾಗಿಯೇ ಹಿಡಿದಳು. ಕುಂಕುಮ ಬಿಳಿ ರೇಷ್ಮೆಯ ಮೇಲೆ ಉದುರಿತು. ಕುರೋದಾ ಆ ಕೆಂಪು ಬೆರಳನ್ನು ನೋಡಿದರು, ಆಮೇಲೆ ಕಲೆಯನ್ನು.

“ಥಂಡಿ ಅಲ್ಲ, ಮಿಸ್ಟರ್ ಗಾರ್ವೆ,” ಎಂದಳು ಮಾನ್ಯಾ. ಪೂಜೆ, ನಿಂಬೆಹಣ್ಣು, ಬೆಳಿಗ್ಗೆ ತಾನು ಒರೆಸಿ ಮುಚ್ಚಿಟ್ಟದ್ದು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಗಾರ್ವೆ ಅವಳತ್ತ ನೋಡಲಿಲ್ಲ. ಉಜ್ಜಿದರೆ ಕಲೆ ಹೋಗುತ್ತದೆ, ಆದರೆ ಉಕ್ಕೂ ಸವೆಯುತ್ತದೆ, ಇದು ಮೊದಲೇ ತೆಳ್ಳಗಾಗಿದೆ, ಜಪಾನಿನಲ್ಲಿರುವ ಆ ಮನೆಯವರನ್ನು ಕೇಳಬೇಕು, ಎಂದರು ಕುರೋದಾ.

“ಕೈ ಬಿಡೇ, ನೋಯ್ತಿದೆ. ಏನಂದೆ ಅವ್ರಿಗೆ?”

ಈಗ ಕನ್ನಡದಲ್ಲಿ ಹೇಳಬೇಕಾಯಿತು. ಅದು ಇಂಗ್ಲಿಷಿಗಿಂತ ಕಷ್ಟವಾಯಿತು. “ನಿಂಬೆಹಣ್ಣಿಂದ ಕಲೆ ಆಗಿದೆ ಅಮ್ಮ. ಹುಳಿ ಅದಕ್ಕೆ ಆಗಲ್ಲ. ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ.”

ಅಮ್ಮ ತನ್ನ ಬೆರಳನ್ನು ನೋಡಿಕೊಂಡಳು. ಸೆರಗಿಗೆ ಒರೆಸಿ, ಭರಣಿಯ ಮುಚ್ಚಳ ತಿರುಗಿಸಿ ಬಿಗಿಮಾಡಿದಳು. ಇನ್ನು ಅಳುತ್ತಾಳೆ ಎಂದುಕೊಂಡಳು ಮಾನ್ಯಾ. ಅಳಲಿಲ್ಲ.

“ಇವ್ರ್ಯಾಕೆ ಆಗ ಅಷ್ಟು ಮುಖ ಸಣ್ಣ ಮಾಡ್ಕೊಂಡ್ರು?” ಎಂದು ಗಾರ್ವೆಯತ್ತ ಕಣ್ಣು ತೋರಿಸಿದಳು.

“ತಮ್ಮದೇ ತಪ್ಪು ಅಂದ್ಕೊಂಡಿದ್ರು.”

“ನೀನು ಸುಮ್ನಿದ್ಯಾ?”

“ಹೂಂ,” ಎಂದಳು ಮಾನ್ಯಾ.

“ನಾನು ತಿಳೀದೆ ಮಾಡ್ದೆ,” ಎಂದಳು ಅಮ್ಮ. ಆಮೇಲೆ ಗಾರ್ವೆಯತ್ತ ತಿರುಗಿ ಎರಡೂ ಕೈ ಮುಗಿದಳು. “ಇದನ್ನೂ ಹೇಳು ಅವ್ರಿಗೆ. ಪೂಜೆ ನಂದು, ಸುಳ್ಳು ನಿಂದು ಅಂತ.”

ಮಾನ್ಯಾ ಒಂದು ಮಾತೂ ಬಿಡದೆ ಇಂಗ್ಲಿಷಿಗೆ ತಂದು ಹೇಳಿದಳು.