ಮೊದಲ ಹಾಲು

ವಯಸ್ಸಾದವರನ್ನು ಮದುವೆ, ನಾಮಕರಣ, ಕಣ್ಣಿನ ಡಾಕ್ಟರು ಅಂತ ಕರೆದುಕೊಂಡು ಹೋಗಿ ಬರುವುದು ನನ್ನ ಕೆಲಸ. ಹಾಸನದಲ್ಲಿ ಇದಕ್ಕಿನ್ನೂ ಹೆಸರು ಬಿದ್ದಿಲ್ಲ. ಕೆಲವರು ನರ್ಸ್ ಅನ್ನುತ್ತಾರೆ, ಕೆಲವರು ಆಳು ಅನ್ನುತ್ತಾರೆ. ತಿದ್ದುವ ಉಸಾಬರಿಗೆ ನಾನು ಹೋಗುವುದಿಲ್ಲ.

ಮಲ್ಲಿಪಟ್ಟಣದ ಪುಟ್ಟತಾಯಮ್ಮನಿಗೆ ಎಂಬತ್ತಮೂರು. ಮೊಮ್ಮಗಳು ಅನುಶ್ರೀಯ ಮದುವೆ ಹೊಳೆನರಸೀಪುರದ ಛತ್ರದಲ್ಲಿತ್ತು. ಧಾರೆಯ ಮೊದಲ ಹಾಲನ್ನು ಅಜ್ಜಿಯೇ ಹುಯ್ಯಬೇಕು ಎಂದು ಆ ಹುಡುಗಿ ಹಟ ಹಿಡಿದಿದ್ದಳು. ಗಂಡ ಸತ್ತ ನಲವತ್ತು ವರ್ಷದಿಂದ ಅಜ್ಜಿ ಯಾವ ಧಾರೆಯನ್ನೂ ನೋಡಿದವರಲ್ಲ. ಸ್ವಂತ ಮಗ ಶಾಂತರಾಜುವಿನ ಮದುವೆಯಲ್ಲೂ ಮುಹೂರ್ತದ ಹೊತ್ತಿಗೆ ಉಗ್ರಾಣದಲ್ಲಿ ತರಕಾರಿ ಮಧ್ಯೆ ಕೂತಿದ್ದರಂತೆ.

ಅಜ್ಜಿಯ ಕೈ ನಡುಗುತ್ತಿತ್ತು. ಅದಕ್ಕೇ ಎರಡು ವಾರ ಮೊದಲೇ ನನ್ನನ್ನು ಕರೆಸಿದರು. ದಿನಾ ಬೆಳಗ್ಗೆ ಹಿತ್ತಾಳೆ ಗಿಂಡಿಗೆ ನೀರು ತುಂಬಿ ಅವರ ಕೈಗೆ ಕೊಟ್ಟು, ನಾನು ಬೊಗಸೆ ಒಡ್ಡುತ್ತಿದ್ದೆ. ಮೊದಮೊದಲು ಅರ್ಧ ನೀರು ನನ್ನ ಸೀರೆಗೆ ಬೀಳುತ್ತಿತ್ತು, ಬೈಗುಳ ಮಾತ್ರ ಪೂರ್ತಿ ನನಗೇ. ಎರಡನೇ ವಾರಕ್ಕೆ ಧಾರೆ ನೆಟ್ಟಗಾಯಿತು.

ಆ ದಿನಕ್ಕೆ ನಾನೂ ಕಾದಿದ್ದೆ. ನನ್ನ ಗಂಡ ಹೋಗಿ ಮೂರು ವರ್ಷ. ಹಣೆಗೆ ಸ್ಟಿಕ್ಕರ್ ಇಟ್ಟುಕೊಂಡೇ ಓಡಾಡುತ್ತೇನೆ, ಕೆಲಸದವಳ ಹಣೆಯನ್ನು ಯಾರು ನೋಡುತ್ತಾರೆ? ನನ್ನಂಥವಳೊಬ್ಬಳು ಮಂಟಪ ಹತ್ತಿ ಮೊದಲ ಹಾಲು ಹುಯ್ಯುವುದನ್ನು ಕಣ್ಣಾರೆ ನೋಡಬೇಕಿತ್ತು. ಮೂರು ವರ್ಷದಲ್ಲಿ ನನಗೆ ಬೇಕು ಅನಿಸಿದ್ದು ಅದೊಂದೇ.

ಮುಹೂರ್ತಕ್ಕೆ ಹತ್ತು ನಿಮಿಷ ಇರುವಾಗ ಅಜ್ಜಿ ನನ್ನ ಸೆರಗು ಎಳೆದು, ಟಾಯ್ಲೆಟ್ಟಿಗೆ ಹೋಗಬೇಕು ಎಂದರು. ವೀಲ್‌ಚೇರನ್ನು ಛತ್ರದ ಹಿಂದಕ್ಕೆ ತಳ್ಳಿಕೊಂಡು ಹೋಗಿ, ಕಮೋಡಿನ ಮೇಲೆ ಕೂರಿಸಿ, ಒಳಗಿನಿಂದ ಚಿಲಕ ಹಾಕಿದೆ. ಎಷ್ಟು ಹೊತ್ತಾದರೂ ಏನೂ ಆಗಲಿಲ್ಲ. ಶಾಂತರಾಜು ಫೋನ್ ಮಾಡತೊಡಗಿದರು.

"ನಂಗೇನೂ ಬಂದಿಲ್ಲ ಕಣವ್ವ," ಎಂದರು ಅಜ್ಜಿ. "ನನ್ ಕೈ ಹಾಲು ಆ ಮಗೀನ ಮ್ಯಾಲೆ ಬೀಳೋದು ಬ್ಯಾಡ. ಬಾಗ್ಲು ತೆಗೀಬ್ಯಾಡ."

ಬೈದು ಎಬ್ಬಿಸಿ ಕರೆದೊಯ್ಯಬೇಕಿತ್ತು. ಚಿಲಕದ ಮೇಲೆ ಕೈಯನ್ನೂ ಇಟ್ಟೆ. ನಮ್ಮಣ್ಣನ ಮಗುವಿನ ನಾಮಕರಣದಲ್ಲಿ ಯಾರೂ ಹೇಳದಿದ್ದರೂ ನಾನಾಗಿಯೇ ತೊಟ್ಟಿಲಿನಿಂದ ದೂರ ನಿಂತಿದ್ದೆ. ಅವತ್ತು ನನ್ನನ್ನು ಹಿಂದಕ್ಕೆ ಸರಿಸಿದ ಭಯವೇ ಈಗಲೂ ಕೈ ತಡೆಯಿತು. ಫೋನಿನ ಸದ್ದು ಅಡಗಿಸಿದೆ. ಗಟ್ಟಿಮೇಳ ಕೇಳಿಸಿತು. ಅಜ್ಜಿ ಕಣ್ಣು ಮುಚ್ಚಿ ಕೈ ಮುಗಿದರು. ನಾನು ಬಕೆಟ್ಟು ನೋಡುತ್ತಾ ನಿಂತಿದ್ದೆ.

ಹಾಲು ಹುಯ್ಯುವವರ ಸಾಲು ಮುಗಿದ ಮೇಲೆ ಹೊರಗೆ ಬಂದೆವು. ಬೆಳಗ್ಗೆ ಏನೋ ತಿನ್ನಿಸಿ ಅಜ್ಜಿಯ ಹೊಟ್ಟೆ ಕೆಡಿಸಿದೆ, ತಪ್ಪು ನನ್ನದೇ ಎಂದುಬಿಟ್ಟೆ. ಅನುಶ್ರೀ ನನ್ನನ್ನು ನೋಡಿದ ನೋಟ ಇರಲಿ. ಅವಳು ಕಾಲಿಗೆ ಬಿದ್ದಾಗ ಅಜ್ಜಿ ಚೆನ್ನಾಗಿರವ್ವ ಎಂದರು, ತಲೆ ಮುಟ್ಟಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದು ಶಾಂತರಾಜು ನನಗೆ ಹೇಳಿದರು. ಆಯಿತು ಎಂದೆ.

ಸಂಜೆ ಮಲ್ಲಿಪಟ್ಟಣಕ್ಕೆ ಮರಳಿ, ಅಜ್ಜಿಗೆ ಮಾತ್ರೆ ಕೊಟ್ಟು ಹೊರಡಲು ಬ್ಯಾಗು ತೆಗೆದುಕೊಂಡೆ. ಅಜ್ಜಿ ನೀರಿದ್ದ ಗಿಂಡಿಯನ್ನು ಎತ್ತಿಕೊಂಡು ಕೈ ಒಡ್ಡು ಎಂದರು. ಇನ್ನೇಕೆ ಎಂದು ಕೇಳಿದೆ. ಅವರು ಗಿಂಡಿ ಬಾಗಿಸಿದರು, ಬೊಗಸೆ ಒಡ್ಡಿದೆ. ಅವರ ಕೈ ನಡುಗಲಿಲ್ಲ. ಒಂದು ಹನಿಯೂ ಆಚೆ ಬೀಳಲಿಲ್ಲ.

"ನಿಂಗಿನ್ನೇನೂ ಆಗಾಕಿಲ್ಲ ಬುಡು," ಎಂದರು.

ನಾನೂ ಗಂಡ ಸತ್ತವಳು ಎನ್ನುವುದು ಅವರಿಗೆ ಗೊತ್ತಿತ್ತು. ಅಳು ಬರಬಹುದು ಅಂದುಕೊಂಡೆ, ಬರಲಿಲ್ಲ. ಬೊಗಸೆ ಬಿಟ್ಟೆ, ನೀರು ನೆಲಕ್ಕೆ ಚೆಲ್ಲಿತು. ಅಜ್ಜಿ ಜಾರಿ ಬಿದ್ದಾರೆಂದು ಬಟ್ಟೆ ತಂದು ಒರೆಸಿದೆ.