ಯೂಲಾಲಿಯ ಗುಂಡಿ ಒಣಗಲಿಲ್ಲ

ಆಲ್ಸಿಡ್ ಪಂಪಿನ ಹಗ್ಗವನ್ನು ಮತ್ತೆ ಎಳೆದ. ಸಮಾಧಿಗೆ ತೋಡಿದ ಗುಂಡಿಯ ನೀರು ಕೊಳವೆ ಹತ್ತಿ ಬಾಯೂ ಹಳ್ಳಕ್ಕೆ ಹೋಯಿತು. ಬಾಯೂ ಮಣ್ಣಿನಡಿಯಿಂದ ಅದನ್ನು ಮರ್ಯಾದೆಯಾಗಿ ವಾಪಸು ಕಳಿಸಿತು. ಹ್ಯೂಸ್ಟನ್ ನಗರದ ನಡುವೆ ಆಕಳಿಸುತ್ತಾ ಹರಿಯುವ ಆ ಹಳ್ಳಕ್ಕೆ ಅವಸರವೆಂಬುದೇ ಇಲ್ಲ. ಚರ್ಚಿನಂಗಳದ ಓಕ್ ಮರದಡಿ ಶವಪೆಟ್ಟಿಗೆ ಕಾಯುತ್ತಿತ್ತು. ಒಳಗೆ ಅವನಮ್ಮ ಯೂಲಾಲಿ.

"ಸಾಕು ಫಾದರ್," ಅಂದ ಆಲ್ಸಿಡ್, ಪಕ್ಕದಲ್ಲಿದ್ದ ಪಾದ್ರಿಗೆ. "ಊರಾಚೆ ದಿಬ್ಬದ ಸ್ಮಶಾನಕ್ಕೆ ಒಯ್ತೀನಿ. ಅಲ್ಲಿ ಒಣನೆಲ."

"ನಿಮ್ಮಪ್ಪ ಇಲ್ಲಿ, ಅವಳು ಅಲ್ಲಿ?" ಚಿಕ್ಕಮ್ಮ ಹಾರ್ಟೆನ್ಸ್ ಕುರ್ಚಿಯಿಂದೇಳದೆ ಕೇಳಿದಳು. "ಅವನ ಪಕ್ಕ ಬಿಟ್ಟು ಎಲ್ಲಿಗೂ ಒಯ್ಯಬೇಡಿ ಅಂದಿದ್ಲು. ಬೈಯೋಕೆ ಇನ್ಯಾರು ಸಿಗ್ತಾರೆ ಅಂತ."

"ನೀರಲ್ಲಿ ಮುಳುಗಿಸ್ಲಾ ಚಿಕ್ಕಮ್ಮ? ಅವತ್ತು ಬಾಯೂಗೆ ಸಿಮೆಂಟ್ ಹಾಕೋಕೆ ಅವಳು ಬಿಟ್ಟಿದ್ರೆ ಈ ಗುಂಡಿ ಒಣಗಿರ್ತಿತ್ತು."

*

ಅವತ್ತು ಅವನಿನ್ನೂ ಚಡ್ಡಿ ಹಾಕುವ ಹುಡುಗ. ನಗರದುದ್ದಕ್ಕೂ ಬಾಯೂವನ್ನು ಸಿಮೆಂಟಿನ ಗಟಾರ ಮಾಡಿ ಮುಗಿಸಿ, ಹಳ್ಳ ತಿರುಗುವ ಈ ಡೊಂಕನ್ನೂ ತಿದ್ದಲು ಯಂತ್ರಗಳು ಬಂದಿದ್ದವು. ಯೂಲಾಲಿ ದಂಡೆಯ ಮೇಲೆ ಒಲೆ ಹೂಡಿ, ಏಡಿ ಹಾಕಿ ಗಂಬೋ ಸಾರು ಕುದಿಸಿದಳು. ಇಂಜಿನಿಯರನಿಗೂ ಬಡಿಸಿದಳು.

"ನೇರ ಮಾಡಿದ್ರೆ ನೀರು ಬೇಗ ಹೋಗುತ್ತಮ್ಮ," ಅಂದ ಅವನು.

"ಎಲ್ಲಿಗೆ?"

"ಮುಂದಕ್ಕೆ."

"ಮುಂದೆ ನನ್ನ ತಂಗಿ ಮನೆ. ಹೋಗಿ ಅವಳ ಹಾಸಿಗೆ ಮೇಲೆ ಕೂರುತ್ತೆ. ಇನ್ನೊಂದು ಸೌಟು ಹಾಕ್ಲಾ?"

ಬೀದಿಯ ಹೆಂಗಸರೆಲ್ಲ ಒಲೆ ತಂದರು. ಬೇಸಿಗೆಯಿಡೀ ಯಂತ್ರದ ದಾರಿಯಲ್ಲಿ ಅಡುಗೆ. ಕೊನೆಗೆ ಯಂತ್ರ ಹೋಯಿತು, ಡೊಂಕು ಉಳಿಯಿತು. ಮಗ ಮಾತ್ರ ಬೆಳೆದು ಸಿಮೆಂಟಿನ ಗುತ್ತಿಗೆದಾರನಾದ. ಊರನ್ನು ತಡೆದವಳಿಗೆ ಮನೆಯನ್ನು ತಡೆಯಲಾಗಲಿಲ್ಲ.

*

"ತಪ್ಪು ನೀರಿನದಲ್ಲ, ನಿಂದು," ಎಂದಳು ಹಾರ್ಟೆನ್ಸ್. "ನಾವು ಲೂಸಿಯಾನದ ಜೌಗಿಂದ ಬಂದೋರು ಕಣೋ. ಅಲ್ಲಿ ಯಾರು ಹೂಳ್ತಾರೆ? ನೆಲದ ಮೇಲಿಟ್ಟು ಇಟ್ಟಿಗೆ ಗೂಡು ಕಟ್ಟಿ ಸುಣ್ಣ ಬಳೀತಾರೆ. ನೀನು ಟೆಕ್ಸಸ್ಸಿನೋರ ಥರ ಹೊಂಡ ತೋಡಿದೀಯ. ಎಣ್ಣೆ ಸಿಗುತ್ತೆ ಅಂತಾನಾ?"

"ಅಪ್ಪನ್ನ ಹೂತಿದ್ವಲ್ಲ?"

"ಅದು ಬರದ ವರ್ಷ. ಅವನ ಅದೃಷ್ಟ ಯಾವಾಗ್ಲೂ ಒಣ."

ಫಾದರ್ ಕೆಮ್ಮಿದರು. ಆಮೇಲೆ ಕೆಲಸಕ್ಕೆ ನಿಲುವಂಗಿಯ ತೋಳು ಮಡಚಿದರು.

ಹೋದ ನೆರೆಗೆ ಕುಸಿದ ಚರ್ಚಿನ ಗೋಡೆಯ ಇಟ್ಟಿಗೆ ಅಲ್ಲೇ ರಾಶಿ ಬಿದ್ದಿತ್ತು. ಮಣ್ಣಿಗೆ ಬಂದಿದ್ದ ಕರಿಕೋಟಿನವರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಆಲ್ಸಿಡ್ ಗುಂಡಿ ಮುಚ್ಚಿಸಿ, ತನ್ನ ಟ್ರಕ್ಕಿನಿಂದ ಸಿಮೆಂಟು ಚೀಲ ಇಳಿಸಿದ.

"ಅಮ್ಮ ಬೈತಾಳೆ," ಅಂದ.

"ಬೈಲಿ. ಪಕ್ಕದಲ್ಲೇ ಗಂಡ ಇದಾನೆ, ಪಾಲು ತಗೋತಾನೆ," ಅಂದಳು ಹಾರ್ಟೆನ್ಸ್.

ಸಂಜೆಗೆ ಪೆಟ್ಟಿಗೆಯ ಸುತ್ತ ಕಟ್ಟಿದ ಗೂಡಿನ ನೆತ್ತಿಗೆ ನುಣ್ಣಗೆ ಗಾರೆ ಎಳೆದು, ಕೈ ತೊಳೆಯಲು ದಂಡೆಗಿಳಿದ. ತಿರುಗಿ ಬಂದರೆ, ಬಿಳಿ ಕೊಕ್ಕರೆಯೊಂದು ಹಸಿ ಗಾರೆಯ ಮೇಲೆ ಹೊಸಮನೆ ನೋಡಲು ಬಂದ ನೆಂಟನ ಹಾಗೆ ಉದ್ದಕ್ಕೂ ನಡೆಯುತ್ತಿತ್ತು. ಅವನು ಗಾರೆ ಸರಿಮಾಡಲು ಕರಣೆ ಎತ್ತಿಕೊಂಡ. ಕೊಕ್ಕರೆ ಹಾರಿತು. ಕವಲುಗಾಲಿನ ಗುರುತುಗಳು ಈ ತುದಿಯಿಂದ ಆ ತುದಿಗೆ ಬಾಯೂವಿನ ಹಾಗೇ ಡೊಂಕಾಗಿ ಸಾಗಿದ್ದವು. ಆಲ್ಸಿಡ್ ಕರಣೆಯನ್ನು ಪ್ಯಾಂಟಿಗೆ ಒರೆಸಿ ಟ್ರಕ್ಕಿನೊಳಗಿಟ್ಟ.